ಬಾಗಿಲ ಮೇಲಿನ ಸಿಂಹ

ಗಾಲಿಕುರ್ಚಿಯ ಅಗಲ ಅರವತ್ತೈದು ಸೆಂಟಿಮೀಟರ್. ಮನೆಯ ಬಾಗಿಲಿನ ಅಗಲ ಅರವತ್ತೊಂದು. ಕ್ವಿಂತಿನೊ ಸಬಾತೀನಿ ಕಳ್ಳನಾದದ್ದು ಈ ನಾಲ್ಕು ಸೆಂಟಿಮೀಟರಿನ ದೆಸೆಯಿಂದ.

ಮೂವತ್ತೆಂಟು ವರ್ಷ ಆತ ಪಿಯೆತ್ರಾಸ್ಪೀನದ ಸರ್ವೇಯರ್ ಆಗಿದ್ದ. ಬೆಟ್ಟದ ನೆತ್ತಿಗೆ ಹಕ್ಕಿಗೂಡಿನಂತೆ ಅಂಟಿಕೊಂಡ ಆ ಊರಿನಲ್ಲಿ ಆತ ಅಳೆಯದ ಗೋಡೆಯಿಲ್ಲ, ಬರೆದುಕೊಡದ ಅರ್ಜಿಯಿಲ್ಲ. ಕ್ಷೌರಿಕ ಫೌಸ್ತೊನ ಅಂಗಡಿಗೆ ಎರಡನೇ ಕಿಟಕಿ ಬಂದದ್ದು ಆತನ ಅರ್ಜಿಯಿಂದ. ಪಾದ್ರಿಯ ಕೋಳಿಗೂಡು ಕಾಗದದಲ್ಲಿ ಪ್ರಾರ್ಥನಾ ಮಂದಿರದ ವಿಸ್ತರಣೆಯಾಗಿ ಮಾರ್ಪಟ್ಟದ್ದೂ ಆತನ ಕೈಚಳಕದಿಂದಲೇ. ಊರವರ ಕೆಲಸವೆಲ್ಲ ಹೂವೆತ್ತಿದಂತೆ ಆಗುತ್ತಿತ್ತು. ಹೆಂಡತಿಯ ಗಾಲಿಕುರ್ಚಿಗಾಗಿ ಸ್ವಂತ ಬಾಗಿಲನ್ನು ಅಗಲ ಮಾಡುವ ಆತನ ಅರ್ಜಿ ಮಾತ್ರ ಗೋಡೆಗೆಸೆದ ಚೆಂಡಿನಂತೆ ಏಳು ಸಲ ಹಿಂದಕ್ಕೆ ಬಂದಿತ್ತು.

ಕಾರಣ, ಬಾಗಿಲ ಮೇಲೆ ಗೋಡೆಯಲ್ಲಿ ಕೂತಿದ್ದ ಸಿಂಹ. ಸಾವಿರದ ನಾನೂರ ಎಂಬತ್ತೇಳರಲ್ಲಿ ಯಾರೋ ಕಲ್ಲುಕುಟಿಗ ಕೆತ್ತಿದ್ದು. ಆ ಪುಣ್ಯಾತ್ಮ ಜನ್ಮದಲ್ಲಿ ಸಿಂಹ ನೋಡಿದವನಲ್ಲ ಎಂಬುದು ಚಿಕ್ಕ ಮಗುವಿಗೂ ತಿಳಿಯುವಂತಿತ್ತು. ತನ್ನ ಬಾಲವನ್ನು ತಾನೇ ಕಚ್ಚಿಕೊಂಡು, ಹಲ್ಲುನೋವಿನ ಬೆಕ್ಕಿನಂತೆ ಅದು ಬೀದಿಯನ್ನು ನೋಡುತ್ತಿತ್ತು. ಆದರೆ ಪ್ರಾಂತ್ಯದ ಪರಂಪರೆ ಕಚೇರಿಯ ಆಜ್ಞೆಯೊಂದು ಅದನ್ನು ಅಮೂಲ್ಯವೆಂದು ಸಾರಿತ್ತು. ಸಿಂಹವೂ ಅದರ ಕೆಳಗಿನ ಬಾಗಿಲೂ ಒಂದೇ ಕಲಾಕೃತಿ. ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ನೋವು.

ಮೊದಲ ಉತ್ತರದಲ್ಲಿ ಕಚೇರಿ, ಬಾಗಿಲಿನ ಇಕ್ಕಟ್ಟು ಮಧ್ಯಯುಗದ ಮನುಷ್ಯನ ವಿನಯಕ್ಕೆ ಸಾಕ್ಷಿ ಎಂದು ಬರೆದಿತ್ತು. ಮೂರನೆಯದರಲ್ಲಿ, ಶ್ರೀಮತಿಯವರು ಮನೆಯ ಬೇರೆ ಬಾಗಿಲನ್ನು ಬಳಸಬಹುದಲ್ಲ ಎಂದು ಕೇಳಿತ್ತು. ಆ ಮನೆಗೆ ಬೇರೆ ಬಾಗಿಲಿರಲಿಲ್ಲ. ನೆಲಮಾಳಿಗೆಗೆ ಕೆಳಗಿನ ಓಣಿಯಿಂದ ಒಂದು ಬಾಗಿಲಿತ್ತು, ಅಲ್ಲಿಂದ ಮೇಲಕ್ಕೆ ಇಪ್ಪತ್ತೆರಡು ಮೆಟ್ಟಿಲು. ಏಳನೆಯ ಉತ್ತರ ಬಂದದ್ದು ಚಳಿಗಾಲದ ಕೊನೆಗೆ. ಆ ಕಾಗದವನ್ನು ಕ್ವಿಂತಿನೊ ಅಡುಗೆಮನೆಯ ಮೇಜಿನ ಮೇಲೆ ಹರಡಿ ಹೆಂಡತಿಗೆ ಓದಿ ಹೇಳಿದ. "ಗಾಲಿಕುರ್ಚಿಯನ್ನು ಕಿರಿದುಗೊಳಿಸುವ ಸಾಧ್ಯತೆಯನ್ನು ಪರಿಶೀಲಿಸುವುದು ಸೂಕ್ತ."

ಎರ್ಸಿಲಿಯಾ ಬೇಳೆ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಕುರ್ಚಿ ಮಡಚಿದ್ರೆ ಆ ಬಾಗಿಲಲ್ಲಿ ಆರಾಮಾಗಿ ಹೋಗುತ್ತೆ ಅಂತ ಬರಿ," ಅಂದಳು. "ಆದ್ರೆ ಮಡಚೋಕೆ ನಾನು ಅದ್ರಿಂದ ಎದ್ದೇಳ್ಬೇಕು. ಎದ್ದೇಳೋ ಹಾಗಿದ್ರೆ ಕುರ್ಚಿ ಯಾಕೆ ಬೇಕಿತ್ತು ಅಂತಾನೂ ಬರಿ."

"ಬರೆದಿದ್ದೆ. ಐದನೇ ಅರ್ಜೀಲಿ."

"ಏನಂದ್ರು?"

"ಗಮನಿಸಲಾಗಿದೆ ಅಂದ್ರು."

ನಾಲ್ಕು ವರ್ಷದಿಂದ ಎರ್ಸಿಲಿಯಾ ಮನೆಯಿಂದ ಹೊರಬೀಳುತ್ತಿದ್ದದ್ದು ವರ್ಷಕ್ಕೆ ಎರಡೇ ಸಲ, ಈಸ್ಟರ್ ದಿನ ಮತ್ತು ಊರದೇವರು ಸಂತ ರೋಕ್ಕೊನ ದಿನ. ನಾಲ್ವರು ಗಂಡಸರು ಅಡುಗೆಮನೆಯ ಮರದ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಓರೆಮಾಡಿ, ಬಾಗಿಲು ದಾಟಿಸಿ ಚೌಕಕ್ಕೆ ಹೊತ್ತೊಯ್ಯುತ್ತಿದ್ದರು. ಮೆರವಣಿಗೆಯಲ್ಲಿ ಮೊದಲು ಸಂತ, ಹಿಂದೆ ಎರ್ಸಿಲಿಯಾ. ಹೊರುವವರು ಸಂತನಷ್ಟೇ ಗಟ್ಟಿಯಾಗಿ ಅವಳನ್ನೂ ಹಿಡಿಯುತ್ತಿದ್ದರು. ಜಾರಿದರೆ ಸಂತ ಬೈಯುತ್ತಿರಲಿಲ್ಲ, ಅವಳು ಬೈಯುತ್ತಿದ್ದಳು. ಉಳಿದ ಮುನ್ನೂರ ಅರವತ್ಮೂರು ದಿನ ಅವಳು ಕಿಟಕಿಯ ಪಕ್ಕ ಕೂತಿರುತ್ತಿದ್ದಳು.

ಇಷ್ಟನ್ನೂ ಕ್ವಿಂತಿನೊ ನುಂಗಿಕೊಳ್ಳುತ್ತಿದ್ದನೇನೋ. ನುಂಗಲಾಗದ್ದು ಟೀಚರಮ್ಮ ದಿಯೊಮೀರಾಳ ಭಾನುವಾರದ ಪ್ರವಚನ. ಆಕೆ ನಿವೃತ್ತ ಲ್ಯಾಟಿನ್ ಮೇಷ್ಟ್ರು, ಊರಿನ ಪರಂಪರೆ ಸಂಘದ ಅಧ್ಯಕ್ಷೆ. ಪ್ರತಿ ಭಾನುವಾರ ಹನ್ನೊಂದಕ್ಕೆ ಪ್ರವಾಸಿಗಳ ಹಿಂಡನ್ನು ಆತನ ಬಾಗಿಲ ಮುಂದೆ ನಿಲ್ಲಿಸಿ, ಕೊಡೆಯ ತುದಿಯಿಂದ ಸಿಂಹವನ್ನು ತೋರಿಸುತ್ತಿದ್ದಳು. ಆಮೇಲೆ ಕೊಡೆಯ ತುದಿ ಕಿಟಕಿಯ ಕಡೆಗೆ ಇಳಿಯುತ್ತಿತ್ತು.

ಒಂದು ಭಾನುವಾರ ಪ್ರವಾಸಿಗಳು ಹೋದ ಮೇಲೆ ಆಕೆ ಕಿಟಕಿಗೆ ಬಂದು, "ಎರ್ಸಿಲಿಯಾ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಆ ಹಸಿರು ಸ್ವೆಟರ್ ಬದ್ಲು ಒಂದು ಕರಿ ಶಾಲು ಹೊದ್ದುಕೊಂಡ್ರೆ ಫೋಟೋದಲ್ಲಿ ಎಷ್ಟು ಚೆನ್ನಾಗಿರುತ್ತೆ ಗೊತ್ತಾ," ಅಂದಳು.

"ಕರಿ ಶಾಲು ಇದೆ ಟೀಚರಮ್ಮ," ಎಂದಳು ಎರ್ಸಿಲಿಯಾ. "ನಿಮ್ಮ ಸಾವಿಗೆ ಅಂತ ಎತ್ತಿಟ್ಟಿದೀನಿ."

ಕ್ವಿಂತಿನೊ ಒಳಗಿನಿಂದ ಇದನ್ನು ಕೇಳಿಸಿಕೊಂಡ. ನಗಲಿಲ್ಲ. ಆವತ್ತು ಮಧ್ಯಾಹ್ನ ಪರಂಪರೆ ಕಚೇರಿಯ ಆಜ್ಞೆಯನ್ನು ಹತ್ತನೇ ಸಲ ಓದಿದ. ಹತ್ತನೇ ಸಲದ ಓದಿನಲ್ಲಿ ಆತನಿಗೆ ಒಂದು ವಿಷಯ ಹೊಳೆಯಿತು. ಆಜ್ಞೆಯಲ್ಲಿ ಮನೆಯ ಬಗ್ಗೆ ಒಂದು ಒಳ್ಳೆಯ ಮಾತೂ ಇರಲಿಲ್ಲ. ಬಾಗಿಲಿನ ಎರಡು ಕಂಬಗಳನ್ನು ಆತನ ಅಜ್ಜನ ಕಾಲದ ಭೂಕಂಪದ ನಂತರ ಹೊಸದಾಗಿ ನಿಲ್ಲಿಸಿದ್ದೆಂದು ಅದರಲ್ಲೇ ಬರೆದಿತ್ತು. ಅಲುಗದೆ ಉಳಿದದ್ದು ಸಿಂಹ ಕೂತ ಗೋಡೆಯಷ್ಟೇ. ಬಾಗಿಲಿಗೆ ಬಂದ ಬೆಲೆಯೆಲ್ಲ ಸಿಂಹದ ಸಹವಾಸದಿಂದ ಬಂದದ್ದು. ಸಿಂಹ ಇರುವವರೆಗೆ ಆಜ್ಞೆ. ಸಿಂಹವಿಲ್ಲದಿದ್ದರೆ ಅದು ನಾಲ್ಕು ಕಲ್ಲಿನ ಒಂದು ತೂತು. ತೂತನ್ನು ಅಗಲ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಪಂಚಾಯಿತಿಯ ಒಂದು ಮುದ್ರೆ ಸಾಕಿತ್ತು.

ಒಡೆದರೆ ಜೈಲು. ಬಿದ್ದರೆ ವಿಚಾರಣೆ, ಮೇಲಾಗಿ ಕಚೇರಿಯವರು ಚೂರುಗಳನ್ನು ಕೂಡಿಸಿ ಮತ್ತೆ ಅಲ್ಲೇ ಅಂಟಿಸುತ್ತಾರೆ. ಆದರೆ ಕಳುವಾದರೆ? ಕಳೆದುಕೊಂಡವನ ಮೇಲೆ ಎಲ್ಲರಿಗೂ ಕರುಣೆ. ಆ ವರ್ಷ ಸುತ್ತಲಿನ ಕಣಿವೆಗಳಲ್ಲಿ ಕಲೆಗಳ್ಳರು ಒಳ್ಳೆಯ ಬೆಳೆ ತೆಗೆಯುತ್ತಿದ್ದರು. ಒಂದು ಊರಿನಲ್ಲಿ ತೀರ್ಥದ ಬಟ್ಟಲು ಹೋಗಿತ್ತು, ಇನ್ನೊಂದರಲ್ಲಿ ಮರದ ದೇವದೂತ. ಪಕ್ಕದ ಊರಿನ ಪಾದ್ರಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಣ್ಣು ಕಾಯುವ ಸಂತ ಲೂಚಿಯಾಳ ವಿಗ್ರಹ ಇತ್ತು, ಅವಳ ಕೈಯಲ್ಲಿದ್ದ ಬೆಳ್ಳಿಯ ಕಣ್ಣುಗಳು ಇರಲಿಲ್ಲ. ಆ ಪಟ್ಟಿಗೆ ಒಂದು ಸಿಂಹ ಸೇರಿದರೆ ಯಾರ ಹುಬ್ಬೂ ಏರುವಂತಿರಲಿಲ್ಲ. ತನ್ನ ಮನೆಯನ್ನು ತಾನೇ ದೋಚುವ ಮನುಷ್ಯನನ್ನು ಯಾವ ಪೊಲೀಸು ಹುಡುಕುತ್ತಾನೆ?

ಕ್ವಿಂತಿನೊ ಪೆನ್ಸಿಲ್ ಕೆತ್ತಿಕೊಂಡು ಯೋಚಿಸಲು ಕೂತ. ಮೂವತ್ತೆಂಟು ವರ್ಷದಲ್ಲಿ ಇಷ್ಟು ಸಂತೋಷದಿಂದ ಆತ ಯಾವ ನಕ್ಷೆಗೂ ಕೂತಿರಲಿಲ್ಲ.

ಮೊದಲು ಬೇಕಾದದ್ದು ಗೋಡೆಯ ಹತ್ತಿರ ಹೋಗುವ ಹಕ್ಕು. ಜೂನ್ ತಿಂಗಳಲ್ಲಿ ಸುಂದರ ಗ್ರಾಮಗಳ ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ಗೆದ್ದರೆ ಊರಿನ ಹೆಬ್ಬಾಗಿಲಿಗೆ ಒಂದು ಹಿತ್ತಾಳೆ ಫಲಕ. ಆ ಫಲಕಕ್ಕಾಗಿ ಇಡೀ ಊರು ಹುಚ್ಚು ಹಿಡಿದವರಂತೆ ಓಡಾಡುತ್ತಿತ್ತು. ಬಟ್ಟೆ ಒಣಹಾಕುವ ಹಗ್ಗಗಳನ್ನು ಮೊದಲು ತೆಗೆಸಿದರು. ಬಣ್ಣಬಣ್ಣದ ಬಟ್ಟೆಯೇ ಹಳ್ಳಿಯ ಸೊಬಗೆಂದು ಯಾರೋ ಹೇಳಿದ ಮೇಲೆ ಮತ್ತೆ ಕಟ್ಟಿಸಿದರು, ಒಗೆಯದಿದ್ದರೂ ಒಣಹಾಕಿರೆಂದು ಮನೆಮನೆಗೆ ಹೇಳಿದರು. ಈ ಗದ್ದಲದ ನಡುವೆ ಕ್ವಿಂತಿನೊ ಪರಂಪರೆ ಕಚೇರಿಗೆ ಎಂಟನೆಯ ಅರ್ಜಿ ಹಾಕಿದ. ಸಿಂಹದ ಮೇಲಿನ ಪಾಚಿಯನ್ನು ಸ್ವಂತ ಶ್ರಮದಿಂದ ತೊಳೆಯಲು ಅನುಮತಿ ಬೇಡಿದ. ಒಂಬತ್ತು ದಿನದಲ್ಲಿ ಒಪ್ಪಿಗೆ ಬಂತು, ಜೊತೆಗೆ ಪರಂಪರೆಯ ಬಗ್ಗೆ ಆತನ ಕಳಕಳಿಯನ್ನು ಹೊಗಳಿದ ಎರಡು ಸಾಲು.

ಬಾಗಿಲ ಮುಂದೆ ಅಟ್ಟಣಿಗೆ ಎದ್ದಿತು. ಅದರ ಸುತ್ತ ಬಿಳಿ ಬಟ್ಟೆ ಕಟ್ಟಿದ. ಮೂರು ವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಬಟ್ಟೆಯ ಹಿಂದೆ ಕೂತು, ಸಿಂಹದ ಸುತ್ತಲಿನ ಸುಣ್ಣದ ಗಾರೆಯನ್ನು ತೆಳ್ಳನೆಯ ಉಳಿಯಿಂದ ಚಮಚ ಚಮಚವಾಗಿ ಕೆರೆದು ತೆಗೆದ. ತೆಗೆದ ಜಾಗಕ್ಕೆ ಮೇಲ್ಮೇಲೆ ಜೇಡಿಮಣ್ಣು ಕಲೆಸಿದ ಸುಣ್ಣ ಮೆತ್ತಿ, ಅದಕ್ಕೆ ಮೊಸರು ಸವರಿದ. ಹೊಸ ಗಾರೆ ಮೊಸರು ಕುಡಿದರೆ ಹದಿನೈದು ದಿನದಲ್ಲಿ ನೂರು ವರ್ಷದ ಮುದುಕನಾಗುತ್ತದೆ. ಕೊನೆಗೆ ಸಿಂಹ ಕೂತದ್ದು ಎರಡು ಓಕ್ ಮರದ ಬೆಣೆಗಳ ಮೇಲೆ ಮಾತ್ರ, ಮದುವೆಮನೆಯಲ್ಲಿ ಕುರ್ಚಿಯ ತುದಿಗೆ ಕೂತ ಬಡನೆಂಟನ ಹಾಗೆ.

ಟೀಚರಮ್ಮ ದಿನವೂ ಬಂದು ಬಟ್ಟೆಯ ಹೊರಗಿನಿಂದ ವಿಚಾರಿಸುತ್ತಿದ್ದಳು.

"ಹೇಗಿದಾನೆ ನಮ್ಮ ರಾಜ?"

"ಹಗುರಾಗ್ತಿದಾನೆ ಟೀಚರಮ್ಮ."

"ಜೋಪಾನ ಕ್ವಿಂತಿನೊ. ಒಂದು ಮೀಸೆ ಮುಕ್ಕಾದ್ರೂ ನಾನು ಬದುಕಲ್ಲ."

"ಅಂಥಾ ಪಾಪ ನನ್ ಕೈಯಲ್ಲಿ ಆಗಲ್ಲ," ಎಂದ ಆತ. ಆ ಮಾತು ಹೇಳುವಾಗ ಆತನಿಗೆ ನಿಜಕ್ಕೂ ಹಾಗೇ ಅನಿಸಿತ್ತು. ಕಲ್ಲಿಗೆ ಗೀರು ಬೀಳಿಸುವ ಇರಾದೆ ಆತನಿಗಿರಲಿಲ್ಲ. ತಾನು ಕಾಡುಮನುಷ್ಯನಲ್ಲ.

ಎರಡನೆಯದು, ಕಳ್ಳರು. ಕಳ್ಳರಿಲ್ಲದೆ ಕಳ್ಳತನ ನಿಲ್ಲುವುದಿಲ್ಲ. ತೀರ್ಪುಗಾರರು ಬರುವ ಹತ್ತು ದಿನ ಮೊದಲು ಕ್ವಿಂತಿನೊ ಫೌಸ್ತೊನ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತು, ಯಾರಿಗೋ ಎಂಬಂತೆ ಹೇಳಿದ.

"ನಿನ್ನೆ ಬಾವಿ ಹತ್ರ ಒಂದು ಬಿಳಿ ವ್ಯಾನ್ ನಿಂತಿತ್ತಪ್ಪ. ಇಬ್ರು ಇದ್ರು. ಯಾರೋ ಏನೋ."

ಇಷ್ಟೇ. ಮಿಕ್ಕ ಕೆಲಸವನ್ನು ಊರು ಮಾಡಿತು. ಮರುದಿನಕ್ಕೆ ಆ ವ್ಯಾನನ್ನು ಬೇಕರಿಯವಳು ನೋಡಿದ್ದಳು. ಮೂರನೆಯ ದಿನ ಅದು ಬೂದುಬಣ್ಣಕ್ಕೆ ತಿರುಗಿತ್ತು, ಒಳಗಿದ್ದವರು ನಾಲ್ವರಾಗಿದ್ದರು. ಫೌಸ್ತೊನಿಗೆ ಅದರ ನಂಬರಿನ ಮೊದಲ ಮೂರು ಅಕ್ಷರ ನೆನಪಿತ್ತು. ಟೀಚರಮ್ಮನಂತೂ ಅವರ ಜೊತೆ ಮಾತೇ ಆಡಿದ್ದಳು. ಒಬ್ಬನಿಗೆ ಕಲ್ಲಿನ ಶಿಲ್ಪದ ಬಗ್ಗೆ ಒಳ್ಳೆಯ ತಿಳಿವಳಿಕೆ ಇತ್ತಂತೆ, ತನ್ನ ಲ್ಯಾಟಿನ್ ಉಚ್ಚಾರವನ್ನು ಹೊಗಳಿದನಂತೆ. ಕ್ವಿಂತಿನೊ ಬೆರಗಾದ. ತಾನು ಹುಟ್ಟಿಸಿದ ಕಳ್ಳರು ಇಷ್ಟು ಬೇಗ ಇಷ್ಟು ಸುಸಂಸ್ಕೃತರಾಗುತ್ತಾರೆಂದು ಆತ ಎಣಿಸಿರಲಿಲ್ಲ.

ಮೂರನೆಯದು, ತಾನು ಅಲ್ಲಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಅದು ಚೌಕದ ಗಡಿಯಾರಗೋಪುರದಲ್ಲಿತ್ತು. ಆ ಗಡಿಯಾರ ಕ್ವಿಂತಿನೊನೊಬ್ಬನ ಮಾತು ಕೇಳುತ್ತಿತ್ತು, ಅದೂ ದಿನಕ್ಕೆ ಎರಡು ಸಲ. ತೀರ್ಪುಗಾರರಿರುವ ದಿನ ಅದು ಸರಿಯಾಗಿ ಮೂರು ಹೊಡೆಯುವಂತೆ ಮಾಡುವ ಹೊಣೆಯನ್ನು ಆತ ಮುಂದೆ ಬಂದು ಹೊತ್ತುಕೊಂಡ. ಗೋಪುರದ ಮುಂಬಾಗಿಲು ಚೌಕಕ್ಕೆ. ಹಿಂಬಾಗಿಲು ಸಿಂಹದ ಬೀದಿಗೆ.

ಆ ದಿನ ಬಂತು. ಚೌಕದಲ್ಲಿ ಉದ್ದನೆಯ ಮೇಜುಗಳು. ಊರಿನ ನೂರ ಹನ್ನೊಂದು ಜನರೂ ಅಲ್ಲಿದ್ದರು; ಎರ್ಸಿಲಿಯಾಳನ್ನೂ ಮರದ ಕುರ್ಚಿಯಲ್ಲಿ ಹೊತ್ತು ತಂದಿದ್ದರು, ಹಸಿರು ಸ್ವೆಟರಿನಲ್ಲೇ. ಮೂವರು ತೀರ್ಪುಗಾರರು ನೆರಳಿನಲ್ಲಿ ಕೂತು, ಕೆಂಡದ ಮೇಲಿನಿಂದ ಬರುತ್ತಿದ್ದ ಕುರಿಮಾಂಸದ ಕಡ್ಡಿಗಳನ್ನು ತಿನ್ನುತ್ತ ಊರಿನ ಸೌಂದರ್ಯವನ್ನು ಅಳೆಯುತ್ತಿದ್ದರು. ಒಂದೂಕಾಲಿಗೆ ಕ್ವಿಂತಿನೊ ಎಣ್ಣೆಯ ಡಬ್ಬಿ ಹಿಡಿದು ಎದ್ದ.

"ಊಟ ಬಿಟ್ಟು ಎಲ್ಲಿಗೆ?" ಎಂದಳು ಎರ್ಸಿಲಿಯಾ.

"ಗಡಿಯಾರಕ್ಕೆ ಹೊಟ್ಟೆಹಸಿವಂತೆ."

"ಬರೋವಾಗ ಕೈ ತೊಳ್ಕೊಂಡ್ ಬಾ."

ಎಲ್ಲರ ಕಣ್ಣೆದುರಿಗೇ ಆತ ಗೋಪುರ ಹೊಕ್ಕ. ಐದು ನಿಮಿಷಕ್ಕೆ ಗಡಿಯಾರದ ಪಕ್ಕದ ಕಮಾನಿನಲ್ಲಿ ಆತನ ಕಂದು ಕೋಟೂ ಟೋಪಿಯೂ ಚೌಕಕ್ಕೆ ಬೆನ್ನು ಹಾಕಿ ಬಗ್ಗಿದ್ದು ಕೆಳಗಿನವರಿಗೆ ಕಂಡಿತು. ಕೋಟಿನೊಳಗೆ ಇದ್ದದ್ದು ಒಂದು ಕಸಪೊರಕೆ ಮತ್ತು ಒಂದು ದಿಂಬು. ಫೌಸ್ತೊ ಲೋಟವೆತ್ತಿ ಅದಕ್ಕೆ ಶುಭ ಕೋರಿದ. ಅದು ಪ್ರತಿಯಾಗಿ ಏನೂ ಹೇಳದಿದ್ದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ. ಕೆಲಸದ ನಡುವೆ ಕ್ವಿಂತಿನೊ ಯಾರನ್ನೂ ಮಾತಾಡಿಸುವವನಲ್ಲ.

ಸಿಂಹದ ಬೀದಿಯಲ್ಲಿ ಒಂದು ಬೆಕ್ಕು ಮಾತ್ರ ಇತ್ತು. ಅಟ್ಟಣಿಗೆಯ ಮೇಲಿನ ಅಡ್ಡಪಟ್ಟಿಗೆ ಸರಪಳಿಯ ರಾಟೆ ತೂಗುಹಾಕಲು ನಾಲ್ಕು ನಿಮಿಷ. ಬೆಲ್ಟು ತೊಡಿಸಿ ಬೆಣೆ ಕೀಳಲು ಏಳು. ಐನೂರು ಚಿಲ್ಲರೆ ವರ್ಷ ಕೂತಿದ್ದ ಜಾಗದಿಂದ ಸಿಂಹ ಒಂದು ಸಣ್ಣ ನಿಟ್ಟುಸಿರಿನ ಸದ್ದಿನೊಂದಿಗೆ ಹೊರಗೆ ಜಾರಿತು. ಗಾಳಿಯಲ್ಲಿ ನೇತಾಡುತ್ತ ನಿಧಾನವಾಗಿ ಒಂದು ಸುತ್ತು ತಿರುಗಿ, ಮತ್ತೆ ಆತನ ಮುಖಕ್ಕೆ ಮುಖ ತಂದು ನಿಂತಿತು. ಹುಟ್ಟಿದಂದಿನಿಂದ ಕೆಳಗಿನಿಂದಲೇ ನೋಡಿದ್ದ ಮುಖ. ಇಷ್ಟು ಹತ್ತಿರದಿಂದ ಅದು ಹಲ್ಲುನೋವಿನ ಬೆಕ್ಕಿನಂತೆ ಕಾಣಲಿಲ್ಲ. ಯಾರೋ ಒಬ್ಬ ಕಲ್ಲುಕುಟಿಗ, ಕಂಡಿಲ್ಲದ ಪ್ರಾಣಿಯನ್ನು ಕೇಳಿದ್ದರ ಮೇಲೆ ನಂಬಿಕೆಯಿಟ್ಟು, ಕಣ್ಣಿನ ರೆಪ್ಪೆಗಳನ್ನೂ ಬಿಡದೆ ಕೆತ್ತಿದ್ದ. ಕ್ವಿಂತಿನೊ ಒಂದು ಕ್ಷಣ ಸರಪಳಿಯನ್ನು ಮರೆತ. ಆಮೇಲೆ ಅರವತ್ತೊಂದು ಸೆಂಟಿಮೀಟರ್ ನೆನಪಾಯಿತು, ಮತ್ತೆ ಸರಪಳಿಗೆ ಕೈ ಹಾಕಿದ.

ಕಲ್ಲನ್ನು ಕೈಗಾಡಿಗೆ ಇಳಿಸಿ, ಮನೆಯ ಮೂಲೆ ಸುತ್ತಿ, ಕೆಳಗಿನ ಓಣಿಯ ನೆಲಮಾಳಿಗೆಗೆ ತಳ್ಳಿದ. ಅಲ್ಲಿ ಆತನ ಮುತ್ತಜ್ಜ ತೋಡಿಸಿದ ಬತ್ತಿದ ನೀರುತೊಟ್ಟಿ ಇತ್ತು. ರಾಟೆಯನ್ನು ಬಿಚ್ಚಿ ತಂದು, ಸಿಂಹವನ್ನು ಅದರೊಳಗೆ ಇಳಿಸಿ ಒಣಹುಲ್ಲಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ಅದರ ಮೈಯೆಲ್ಲ ಒರೆಸಿದ. ಯಾಕೆ ಒರೆಸಿದನೋ ಆತನಿಗೇ ತಿಳಿಯದು. ಮನೆಯಲ್ಲೇ ಹುಟ್ಟಿ ಬೆಳೆದದ್ದಲ್ಲವೇ. ಮೇಲೆ ಚಪ್ಪಡಿ ಎಳೆದು, ಚಪ್ಪಡಿಯ ಮೇಲೆ ಆಲೂಗೆಡ್ಡೆ ಸುರಿದ. ಅಟ್ಟಣಿಗೆಗೆ ಮತ್ತೆ ಬಿಳಿ ಬಟ್ಟೆ ಬಿಗಿದು, ಬೀದಿಯ ಕಲ್ಲುಹಾಸಿನ ಮೇಲೆ ವ್ಯಾನಿನ ಅಳತೆಯ ಹಳೆಯ ಟಯರೊಂದನ್ನು ಉರುಳಿಸಿ ಗುರುತು ಮೂಡಿಸಿದ. ಎರಡು ಗಂಟೆ ಹತ್ತು ನಿಮಿಷಕ್ಕೆ ಗೋಪುರದಲ್ಲಿ ಕಸಪೊರಕೆಯ ಮೈಯಿಂದ ತನ್ನ ಕೋಟನ್ನು ತೆಗೆದುಕೊಂಡ. ಮೂರಕ್ಕೆ ಗಡಿಯಾರ ಸರಿಯಾಗಿ ಮೂರು ಹೊಡೆಯಿತು. ಚೌಕದಲ್ಲಿ ಚಪ್ಪಾಳೆ.

"ಕೈ ತೊಳ್ದ್ಯಾ?" ಎಂದಳು ಎರ್ಸಿಲಿಯಾ.

ತೊಳೆದಿದ್ದ.

ನಾಲ್ಕಕ್ಕೆ ಟೀಚರಮ್ಮ ತೀರ್ಪುಗಾರರನ್ನು ಸಿಂಹದ ಬೀದಿಗೆ ಕರೆತಂದಳು. ಹಿಂದೆ ಅರ್ಧ ಊರು. ಆಕೆ ಗೋಡೆಗೆ ಬೆನ್ನು ಮಾಡಿ ನಿಂತು, ಒಂದು ಲ್ಯಾಟಿನ್ ಶ್ಲೋಕ ಹೇಳಿ, ಅದರ ಅರ್ಥ ಹೇಳಿ, "ಈಗ, ಮಹನೀಯರೇ, ತಲೆ ಎತ್ತಿ ನೋಡಿ," ಎಂದು ಬಟ್ಟೆಯ ದಾರ ಎಳೆದಳು. ತೀರ್ಪುಗಾರರು ತಲೆ ಎತ್ತಿದರು. ಒಬ್ಬ ಗಂಭೀರವಾಗಿ ತಲೆದೂಗಿ ಗೋಡೆಯಲ್ಲಿದ್ದ ತೂತಿನ ಫೋಟೋ ತೆಗೆದ. ಇದು ಯಾರೋ ಸಮಕಾಲೀನ ಕಲಾವಿದನ ಕೃತಿ ಎಂದುಕೊಂಡಿದ್ದನಂತೆ. ಟೀಚರಮ್ಮ ಹಿಂದೆ ತಿರುಗಿದಳು. ಆಕೆಯ ಕೈಯಿಂದ ಕೊಡೆ ಬಿತ್ತು.

ಆಕೆ ಅಳುವುದನ್ನು ಕ್ವಿಂತಿನೊ ಎಂದೂ ಕಂಡಿರಲಿಲ್ಲ. ಈಗ ಆಕೆ ಅವನ ಮನೆಯ ಹೊಸ್ತಿಲ ಮೇಲೆ ಕೂತು ಚಿಕ್ಕ ಹುಡುಗಿಯಂತೆ ಬಿಕ್ಕಿದಳು. ಆತ ತನ್ನ ಕರವಸ್ತ್ರ ಕೊಟ್ಟ.

"ಅಟ್ಟಣಿಗೆ ನಾನೇ ಬಿಟ್ಟಿದ್ದು," ಎಂದ. "ಕಳ್ಳರಿಗೆ ನಾನೇ ಏಣಿ ಹಾಕ್ಕೊಟ್ಟ ಹಾಗಾಯ್ತು."

"ಹಾಗನ್ಬೇಡ ಕ್ವಿಂತಿನೊ. ನಿನಗಿಂತ ಹೆಚ್ಚು ಅವನನ್ನ ನೋಡ್ಕೊಂಡೋರು ಯಾರಿದಾರೆ? ಆ ಲ್ಯಾಟಿನ್ ಬರ್ತಿದ್ದವನು, ಅವನೇ. ನನ್ನ ನಾಲಗೆನ ಹೊಗಳಿ ಹೊಗಳಿ ಎಲ್ಲಾ ಬಾಯ್ ಬಿಡಿಸ್ದ."

ಆಮೇಲಿನದೆಲ್ಲ ಆತ ನಕ್ಷೆಯಲ್ಲಿ ಎಳೆದ ಗೆರೆಯ ಮೇಲೇ ನಡೆಯಿತು. ಕಲಾಚೌರ್ಯ ವಿಭಾಗದಿಂದ ಬಂದ ಅಧಿಕಾರಿಯ ಹೆಸರು ನುನ್ಸಿಯಾತಾ ರೀತ್ಸೊ. ಮೆಲುದನಿಯ ಹೆಂಗಸು, ಬೆಟ್ಟ ಹತ್ತಿ ಏದುಸಿರು ಬಿಡುತ್ತಿದ್ದಳು. ಆಕೆ ಟಯರಿನ ಗುರುತು ಅಳೆದಳು. ಫೌಸ್ತೊನಿಂದ ವ್ಯಾನಿನ ಮೂರು ಅಕ್ಷರ ಬರೆದುಕೊಂಡಳು. ನೂರಹತ್ತು ಜನ ಕ್ವಿಂತಿನೊನ ಬೆನ್ನನ್ನು ಗೋಪುರದಲ್ಲಿ ನೋಡಿದ್ದರು; ಅಷ್ಟೂ ಜನ ಕೇಳದೆಯೇ ಹೇಳಿದರು. ಕೊನೆಗೆ ಆಕೆ ಆತನ ಅಡುಗೆಮನೆಯಲ್ಲಿ ಕೂತು, ಕಳುವಾದ ವಸ್ತುವಿನ ವಿವರದ ನಮೂನೆಯನ್ನು ಮುಂದಿಟ್ಟಳು. ದೇಶದೇಶದ ಹರಾಜುಕಟ್ಟೆಗಳಿಗೂ ಗಡಿಠಾಣೆಗಳಿಗೂ ಅದು ಹೋಗುವುದಿತ್ತು.

"ಗೊತ್ತಿದ್ದಷ್ಟು ಬರೀರಿ ಸಾಕು, ಸರ್ವೇಯರ್ರೇ. ಜನ ಸಾಮಾನ್ಯವಾಗಿ 'ಒಂದು ಹಳೇ ಕಲ್ಲು' ಅಂತ ಬರೀತಾರೆ."

ಆ ಮಾತು ಕ್ವಿಂತಿನೊನ ವೃತ್ತಿಗೌರವಕ್ಕೆ ತಾಗಿತು. ಕಚೇರಿಯ ನಮೂನೆಯನ್ನು ಹೇಗೆ ತುಂಬಬೇಕೆಂದು ಈ ಪ್ರಾಂತ್ಯದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ತನಗೆ. ನಮೂನೆಯನ್ನು ಒಂದು ದಿನ ಇಟ್ಟುಕೊಂಡ. ಎತ್ತರ, ಅಗಲ, ಕಲ್ಲಿನ ಜಾತಿ, ಉಳಿಯ ಹಲ್ಲಿನ ಗುರುತು, ಎಡಗಿವಿಯ ಬಿರುಕು, ಎಲ್ಲವನ್ನೂ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ. ಮೂವತ್ತೆಂಟು ವರ್ಷದಲ್ಲಿ ಒಂದು ಕಲಮನ್ನೂ ಖಾಲಿ ಬಿಟ್ಟವನಲ್ಲ. ಈಗಲೂ ಬಿಡಲಿಲ್ಲ. ಅಧಿಕಾರಿ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಇಷ್ಟು ಅಚ್ಚುಕಟ್ಟಾದ ನಮೂನೆಯನ್ನು ತಾನು ಕಂಡಿಲ್ಲವೆಂದಳು. ಆತ ಆ ರಾತ್ರಿ ನೆಮ್ಮದಿಯಾಗಿ ಮಲಗಿದ.

ಮಧ್ಯೆ ಒಂದು ಗಂಡಾಂತರ ಬಂದದ್ದು ಪೊಲೀಸರಿಂದಲ್ಲ, ಊರಿನ ಅದೃಷ್ಟದಿಂದ. ಗಾಯಗೊಂಡ ಸೌಂದರ್ಯಕ್ಕೆ ವಿಶೇಷ ಮನ್ನಣೆ ಎಂದು ತೀರ್ಪುಗಾರರು ಹಿತ್ತಾಳೆ ಫಲಕವನ್ನು ಪಿಯೆತ್ರಾಸ್ಪೀನಕ್ಕೇ ಕೊಟ್ಟರು. ಟೀವಿಯವರು ಬಂದರು. ಸಿಂಹ ಇದ್ದಾಗ ಹನ್ನೆರಡು ಜನ ಬರುತ್ತಿದ್ದ ಭಾನುವಾರ, ಸಿಂಹವಿಲ್ಲದ ತೂತನ್ನು ನೋಡಲು ಮುನ್ನೂರು ಜನ ಬಂದರು. ಟೀಚರಮ್ಮ ಅದರ ಮುಂದೆ ನಿಂತು, ಇಲ್ಲದಿರುವಿಕೆಯೂ ಒಂದು ಇರುವಿಕೆಯೇ ಎಂದು ಹೇಳತೊಡಗಿದಳು. ಒಂದು ಸಂಜೆ ಸಂಘದ ಸಭೆಯಲ್ಲಿ ಎದ್ದು ನಿಂತು, ಆ ತೂತನ್ನೇ ಸಂರಕ್ಷಿತ ಪರಂಪರೆ ಎಂದು ಘೋಷಿಸಲು ಪ್ರಾಂತ್ಯಕ್ಕೆ ಬರೆಯೋಣವೆಂದಳು.

ಕ್ವಿಂತಿನೊ ಕೋಟಿನ ಜೇಬು ಮುಟ್ಟಿ ನೋಡಿಕೊಂಡ. ಅಂದೇ ಬೆಳಿಗ್ಗೆ ಅದಕ್ಕೆ ಪರಂಪರೆ ಕಚೇರಿಯ ಕಾಗದ ಬಂದು ಬಿದ್ದಿತ್ತು. ಸಂರಕ್ಷಣೆಗೆ ಆಧಾರವಾದ ವಸ್ತು ಇಲ್ಲದ ಕಾರಣ ಆಜ್ಞೆ ರದ್ದು. ಆತ ಎದ್ದು, ತಗ್ಗಿದ ದನಿಯಲ್ಲಿ ಹೇಳಿದ.

"ಟೀಚರಮ್ಮ, ಆ ತೂತು ನೋಡಿದಾಗೆಲ್ಲಾ ನನ್ನ ಹೆಂಡ್ತಿ ಅಳ್ತಾಳೆ. ಮುಚ್ಚೋಕೆ ಬಿಡಿ."

 ಟೀಚರಮ್ಮ ಕಣ್ಣೊರೆಸಿಕೊಂಡು ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಳು. ಎರ್ಸಿಲಿಯಾಳಿಗೆ ಈ ಸುದ್ದಿ ಮುಟ್ಟಿದಾಗ ಅವಳು, "ನಾನು ಅಳ್ತಿದ್ದೀನಾ? ಯಾವಾಗಿಂದ?" ಎಂದು ಕೇಳಿ, ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬೇಳೆ ಆರಿಸುವುದನ್ನು ಮುಂದುವರಿಸಿದಳು. ಅದಾದ ಮೇಲೆ ಆಲೂಗೆಡ್ಡೆ ತರಲು ನೆಲಮಾಳಿಗೆಗೆ ಅವನನ್ನು ಅವಳು ಒಮ್ಮೆಯೂ ಕಳಿಸಲಿಲ್ಲ. ಅನ್ನಕ್ಕೂ ಪಾಸ್ತಾಕ್ಕೂ ಮನೆ ಒಗ್ಗಿಹೋಯಿತು.

ಸೆಪ್ಟೆಂಬರ್ ಮೊದಲ ವಾರ ಮೇಸ್ತ್ರಿ ಬಂದ. ಎರಡು ದಿನದ ಕೆಲಸ. ತೂತು ಮುಚ್ಚಿತು, ಬಾಗಿಲು ತೊಂಬತ್ತು ಸೆಂಟಿಮೀಟರ್ ಆಯಿತು. ಗಾರೆ ಒಣಗಿದ ಬೆಳಿಗ್ಗೆ ಎರ್ಸಿಲಿಯಾ ತನ್ನ ಕುರ್ಚಿಯ ಗಾಲಿಗಳನ್ನು ತಾನೇ ತಳ್ಳಿಕೊಂಡು ಹೊಸ್ತಿಲು ದಾಟಿದಳು. ಬೀದಿಯ ನಡುವೆ ನಿಂತು ಎಡಕ್ಕೂ ಬಲಕ್ಕೂ ನೋಡಿದಳು. ಯಾರೂ ಹೊತ್ತಿರಲಿಲ್ಲ, ಯಾರನ್ನೂ ಬೈಯಬೇಕಾಗಿರಲಿಲ್ಲ.

"ಬೇಕರಿಗೆ ಹೋಗ್ತೀನಿ," ಎಂದಳು.

"ನಾನೂ ಬರ್ಲಾ?"

"ಬೇಡ. ನಾಲ್ಕು ವರ್ಷದಿಂದ ಒಬ್ಬಳೇ ಬೇಕರಿಗೆ ಹೋಗೋದು ಹೇಗೆ ಅಂತಾನೇ ಯೋಚ್ನೆ ಮಾಡ್ತಿದ್ದೆ."

ಕುರ್ಚಿ ಮೂಲೆ ತಿರುಗಿತು. ಕ್ವಿಂತಿನೊ ಬಾಗಿಲಿಗೆ ಒರಗಿ ನಿಂತ. ತನ್ನ ಜೀವಮಾನದ ನಕ್ಷೆಗಳಲ್ಲಿ ಇದೊಂದರಲ್ಲಿ ಮಾತ್ರ ಒಂದು ಗೆರೆಯೂ ಅಳಿಸಬೇಕಾಗಿ ಬಂದಿರಲಿಲ್ಲ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಓಣಿಯ ಕೆಳಗಿನಿಂದ ಏದುಸಿರು ಬಿಡುತ್ತ ನುನ್ಸಿಯಾತಾ ರೀತ್ಸೊ ಹತ್ತಿ ಬಂದಳು. ಹಿಂದೆ ಇಬ್ಬರು ಪೊಲೀಸರಿದ್ದರು. ಆತ ಸೌಜನ್ಯದಿಂದ ಒಳಗೆ ಕರೆದು, ಕಾಫಿಗೆ ನೀರಿಟ್ಟ.

ಆಕೆ ಮೇಜಿನ ಮೇಲೆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಳು. ಒಂದು ಐವತ್ತು ವರ್ಷದ ಹಿಂದೆ ಪರಂಪರೆ ಕಚೇರಿಯವರು ಸಿಂಹವನ್ನು ದಾಖಲು ಮಾಡಿಕೊಂಡ ಹಳೆಯ ಚೀಟಿ, ಇನ್ನೊಂದು ಆತ ತುಂಬಿದ ನಮೂನೆ. "ಗಡಿಠಾಣೆಗೆ ಕಳಿಸೋ ಮುಂಚೆ ಎರಡನ್ನೂ ತಾಳೆ ನೋಡ್ತಿದ್ದೆ, ಸರ್ವೇಯರ್ರೇ," ಎಂದಳು ಮೆಲುದನಿಯಲ್ಲೇ. "ಎಲ್ಲಾ ಕೂದಲೆಳೆಯಷ್ಟೂ ತಪ್ಪಿಲ್ಲದೆ ಹೊಂದುತ್ತೆ. ಒಂಬತ್ತನೇ ಕಲಮ್ ಒಂದು ಬಿಟ್ಟು. ಅಲ್ಲಿ ಕಚೇರಿಯವರು ಅಡ್ಡಗೆರೆ ಎಳೆದಿದಾರೆ, ನೀವು ಬರೆದಿದೀರಿ." ಆಕೆ ಬೆರಳಿಟ್ಟು ಓದಿದಳು: ಹಿಂಬದಿ ಒರಟು, ಎಡಕ್ಕೆ ಕೆಳಗೆ ಕಲ್ಲುಕುಟಿಗನ ಗುರುತು, ಕಾಗೆಕಾಲಿನಂಥ ಮೂರು ಗೀರು, ಉದ್ದ ಏಳು ಸೆಂಟಿಮೀಟರ್. ಕ್ವಿಂತಿನೊ ತನ್ನ ಮುತ್ತಿನಂಥ ಅಕ್ಷರಗಳನ್ನೇ ನೋಡುತ್ತ ನಿಂತ. ಒಲೆಯ ಮೇಲೆ ಕಾಫಿ ಉಕ್ಕಿತು. ಸಾವಿರದ ನಾನೂರ ಎಂಬತ್ತೇಳರಿಂದ ಕಳುವಾದ ದಿನದವರೆಗೆ, ಆ ಕಲ್ಲಿನ ಹಿಂಬದಿ ಗೋಡೆಯೊಳಗಿತ್ತು.